ಅಮೆರಿಕದ ಕಾದಂಬರಿಗಾರ್ತಿ ಕಾಲಿನ್ ಹೂವರ್ ಪ್ರೇಮಕಥೆ ಬಿಟ್ಟು ಥ್ರಿಲ್ಲರ್ ಕಡೆ ಹೊರಳಿದ್ದು ಹೇಗೆ?

ಬಿಟ್ಟರು ಅನ್ನುವುದಕ್ಕಿಂತ, ಪ್ರೇಮವನ್ನು ಜೊತೆಗೇ ಒಯ್ದರು ಅನ್ನಬೇಕು. ಟೆಕ್ಸಾಸ್‌ನಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದ ಹೂವರ್ 2012ರಲ್ಲಿ ‘ಸ್ಲ್ಯಾಮ್ಡ್’ ಕಾದಂಬರಿಯನ್ನು ತಾವೇ ಪ್ರಕಟಿಸಿದರು. ಅದು ಹರೆಯದ ಪ್ರೀತಿ, ನಡುನಡುವೆ ಕವಿತೆ. 2016ರ ‘ಇಟ್ ಎಂಡ್ಸ್ ವಿತ್ ಅಸ್’ನಲ್ಲಿ ಕೈಹಿಡಿದವನೇ ಹೆಂಡತಿಯ ಮೇಲೆ ಕೈಯೆತ್ತುತ್ತಾನೆ.

ನನ್ನನ್ನು ಅಲುಗಾಡಿಸಿದ್ದು 2018ರ ‘ವೆರಿಟಿ’. ಅಷ್ಟರಲ್ಲಿ ದೊಡ್ಡ ಪ್ರಕಾಶಕರಿದ್ದರೂ ಅದನ್ನು ಮತ್ತೆ ತಾವೇ ಹೊರತಂದರು. ಹಾಸಿಗೆ ಹಿಡಿದ ಲೇಖಕಿಯ ಕಾದಂಬರಿ ಸರಣಿ ಮುಗಿಸಿಕೊಡಲು ಬಂದವಳಿಗೆ, ಆಕೆಯ ಬರವಣಿಗೆ ಕೋಣೆಯಲ್ಲಿ ಆತ್ಮಕಥೆಯ ಹಸ್ತಪ್ರತಿ ಸಿಗುತ್ತದೆ. ಒಂದು ಕಡೆ ಅದನ್ನು ಓದಿ ಬೆವರುತ್ತಾಳೆ, ಇನ್ನೊಂದು ಕಡೆ ಆಕೆಯ ಗಂಡನಿಗೇ ಮನಸೋಲುತ್ತಾಳೆ. ಆ ಪ್ರೀತಿ ತೆಗೆದರೆ ಕಥೆಯ ಭಯವೂ ಹೋಗುತ್ತದೆ. ಪ್ರೇಮಕಥೆಯ ಓದುಗರು ಅವರ ಬೆನ್ನು ಬಿಡದೆ ಬಂದದ್ದು ಅದಕ್ಕೇ ಅಂತ ನನ್ನ ನಂಬಿಕೆ.