ಜಾತಿಬಲ ಇಲ್ಲದೆ ಅಷ್ಟು ವರ್ಷ ಗೆದ್ದ ಧರಂ ಸಿಂಗ್ ಜೇವರ್ಗಿಯಲ್ಲಿ 70 ವೋಟಿನಿಂದ ಸೋತದ್ದು ಹೇಗೆ?

ನೀವು ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಮುಖ್ಯಮಂತ್ರಿ ಆಗಿದ್ದವರು 2008ರಲ್ಲಿ ಬರೀ 70 ವೋಟಿನಿಂದ ಸೋತದ್ದು ನಿಜವಾ ಅನ್ನೋದು ಒಂದು. ಸ್ವಂತ ಜಾತಿಯ ವೋಟೇ ಇಲ್ಲದವರು ಒಂದು ಹಳ್ಳಿ ಕ್ಷೇತ್ರವನ್ನು ಅಷ್ಟು ವರ್ಷ ಹಿಡಿದಿಟ್ಟುಕೊಂಡದ್ದು ಹೇಗೆ ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ನಿಜ. 2008ರ ಮೇ ತಿಂಗಳ ಚುನಾವಣೆಯಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಬಿಜೆಪಿಯ ದೊಡ್ಡಪ್ಪಗೌಡ ಪಾಟೀಲ ನರಿಬೋಳ ಅವರು ಕಾಂಗ್ರೆಸ್ಸಿನ ಧರಂ ಸಿಂಗ್ ಅವರನ್ನು 70 ಮತಗಳಿಂದ ಸೋಲಿಸಿದರು. ಎರಡನೆಯದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನಾನು ಇದೇ ತಾಲ್ಲೂಕಿನವನು. ನಮ್ಮ ಮನೆಯಲ್ಲಿ ತೊಗರಿ ರಾಶಿಯ ಮಾತು ಎಷ್ಟು ನಡೆಯುತ್ತಿತ್ತೋ ಎಲೆಕ್ಷನ್ ಮಾತೂ ಅಷ್ಟೇ ನಡೆಯುತ್ತಿತ್ತು.

ಧರಂ ಸಿಂಗ್ ಅವರ ಊರು ಜೇವರ್ಗಿ ತಾಲ್ಲೂಕಿನ ನೆಲೋಗಿ. ಅವರು ರಜಪೂತ ಸಮುದಾಯದವರು. ನಮ್ಮ ಕಡೆ ಈ ಸಮುದಾಯದ ಮನೆಗಳು ತೀರಾ ಕಡಿಮೆ. ಕ್ಷೇತ್ರದಲ್ಲಿ ಲಿಂಗಾಯತರು, ಕುರುಬರು, ಕೋಲಿ ಕಬ್ಬಲಿಗರು, ದಲಿತರು, ಮುಸ್ಲಿಮರು, ಲಂಬಾಣಿಗರು ಇದ್ದಾರೆ. ಇವರಲ್ಲಿ ಯಾರೂ ಜಾತಿಯ ಕಾರಣಕ್ಕೆ ಅವರಿಗೆ ವೋಟು ಹಾಕಬೇಕಿರಲಿಲ್ಲ. ಈ ಕ್ಷೇತ್ರ ಮೀಸಲು ಕ್ಷೇತ್ರವೂ ಅಲ್ಲ. ಅಂಥ ಕಡೆ ಅವರು 1978ರ ನಂತರ 1983, 1985, 1989, 1994, 1999, 2004, ಹೀಗೆ ಪ್ರತಿ ವಿಧಾನಸಭಾ ಚುನಾವಣೆಯಲ್ಲೂ ಗೆದ್ದರು.

ಈ ಪಟ್ಟಿಯಲ್ಲಿ ಮೂರು ವರ್ಷಗಳನ್ನು ಗಮನಿಸಿ. 1983ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಅಲೆ ಇನ್ನೂ ಜೋರಾಗಿತ್ತು. 1994ರಲ್ಲಂತೂ 224 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು ಬರೀ 34. ಘಟಾನುಘಟಿಗಳೆಲ್ಲ ಮನೆಗೆ ಹೋದ ಚುನಾವಣೆ ಅದು. ಆ 34ರಲ್ಲಿ ಜೇವರ್ಗಿ ಇತ್ತು, ಅದೇ ಜಿಲ್ಲೆಯ ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆಯವರೂ ಇದ್ದರು. ಇಬ್ಬರನ್ನೂ ಜನ ಗುಲ್ಬರ್ಗದ ಲವ-ಕುಶ ಅಂತ ಕರೆಯುತ್ತಿದ್ದರು. ಪಕ್ಷದ ಗಾಳಿ ಇಲ್ಲದಾಗಲೂ ಗೆಲ್ಲುವವರಿಗೆ ತಮ್ಮದೇ ವೋಟು ಇರುತ್ತದೆ, ಅಲ್ವಾ? ಆ ವೋಟು ಎಲ್ಲಿಂದ ಬರುತ್ತಿತ್ತು ಅನ್ನೋದೇ ನಿಮ್ಮ ಪ್ರಶ್ನೆಯ ತಿರುಳು.

ಬೆಂಗಳೂರಿನಲ್ಲಿ ಕೂತವರಿಗೆ ಶಾಸಕ ಅಂದರೆ ಸದನದಲ್ಲಿ ಮಾತಾಡುವವರು. ನಮ್ಮಲ್ಲಿ ಹಾಗಲ್ಲ. ಹೊಲದ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟರೆ ಶಾಸಕರಿಗೆ ಹೇಳುತ್ತಾರೆ. ಮಗಳಿಗೆ ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ, ಮಾಸ್ತರರಿಗೆ ವರ್ಗ ಬೇಕಾದರೆ, ಸೊಲ್ಲಾಪುರದ ಆಸ್ಪತ್ರೆಯಲ್ಲಿ ಬಿಲ್ಲು ಕಟ್ಟಲಾಗದಿದ್ದರೆ ಅವರ ಹತ್ತಿರವೇ ಹೋಗುತ್ತಾರೆ. ಬಗರ್‌ಹುಕುಂ ಜಮೀನಿನ, ಅಂದರೆ ಪರವಾನಗಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ, ಅರ್ಜಿ ನೋಡುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ಬಡವರ ಮನೆ ಹಂಚುವ ಸಮಿತಿಯಲ್ಲೂ ಅವರದೇ ಮಾತು. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕಿನ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳನ್ನು ಎದ್ದು ನಿಲ್ಲಿಸಿ ಕೇಳುವವರೂ ಅವರೇ. ಒಂದು ಹಳ್ಳಿಯ ಬಡವನಿಗೂ ಸರ್ಕಾರಕ್ಕೂ ನಡುವೆ ಇರುವ ಬಾಗಿಲು ಶಾಸಕ. ಆ ಬಾಗಿಲು ಯಾರಿಗೆ ತೆರೆಯುತ್ತದೆ, ಎಷ್ಟು ಹೊತ್ತು ಕಾಯಿಸುತ್ತದೆ ಅನ್ನೋದನ್ನು ಜನ ಐದು ವರ್ಷ ನೋಡುತ್ತಲೇ ಇರುತ್ತಾರೆ.

ಧರಂ ಸಿಂಗ್ ಇದರಲ್ಲಿ ಪಳಗಿದವರು. ನಮ್ಮ ಹಿರಿಯರು ಅವರ ಬಗ್ಗೆ ಮೊದಲು ಹೇಳುವುದು ರಸ್ತೆಯನ್ನಲ್ಲ, ಸೇತುವೆಯನ್ನಲ್ಲ. 'ಸಾಹೇಬರು ಹೆಸರು ಹಿಡಿದು ಕರೀತಿದ್ದರು' ಅಂತ. ಜಾತ್ರೆಗೆ ಬರುತ್ತಿದ್ದರು, ಉರುಸಿಗೂ ಬರುತ್ತಿದ್ದರು. ಕನ್ನಡದಲ್ಲಿ ಶುರುಮಾಡಿದ ಭಾಷಣಕ್ಕೆ ನಡುವೆ ಉರ್ದು ಶಾಯರಿ ಸೇರುತ್ತಿತ್ತು. ನಿಜಾಮರ ಕಾಲ ನೋಡಿದ ನಮ್ಮ ಮುದುಕರಿಗೆ ಅದು ಮನೆಮಾತಿನಷ್ಟೇ ಹತ್ತಿರ. ವಿರೋಧಿಗಳನ್ನೂ ಮಾತಾಡಿಸಿ ಹೋಗುವ ಅವರ ಸ್ವಭಾವಕ್ಕೆ ಅಜಾತಶತ್ರು ಅನ್ನುವ ಹೆಸರೂ ಬಂತು. ನನ್ನ ಪ್ರಕಾರ ಇದು ಬರೀ ಸ್ವಭಾವ ಅಲ್ಲ, ಲೆಕ್ಕಾಚಾರವೂ ಹೌದು, ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ. ಸ್ವಂತ ಜಾತಿಯ ವೋಟು ಇಲ್ಲದವರು ಯಾವ ಜಾತಿಯನ್ನೂ ದೂರ ಮಾಡಿಕೊಳ್ಳುವಂತಿಲ್ಲ. ದೊಡ್ಡ ಸಮುದಾಯದ ನಾಯಕರಿಗೆ ಒಂದು ಊರು ಮುನಿಸಿಕೊಂಡರೆ ಇನ್ನೊಂದು ಊರು ಇರುತ್ತದೆ. ಇವರಿಗೆ ಆ ಅನುಕೂಲ ಇರಲಿಲ್ಲ. ಹಾಗಾಗಿ ಪ್ರತಿ ಊರಿನಲ್ಲೂ ಪ್ರತಿ ಓಣಿಯಲ್ಲೂ ತಮ್ಮವರು ಅನ್ನುವವರನ್ನು ಇಟ್ಟುಕೊಳ್ಳಲೇಬೇಕಿತ್ತು. ಜಾತಿಬಲ ಇಲ್ಲದ್ದು ಅವರ ಕೊರತೆ ಅಂತ ಎಲ್ಲರೂ ಹೇಳುತ್ತಾರೆ. ಅದೇ ಅವರನ್ನು ಒಳ್ಳೆಯ ಶಾಸಕರನ್ನಾಗಿ ಮಾಡಿತು ಅಂತ ನಾನು ನಂಬುತ್ತೇನೆ.

ನಡುವೆ 1980ರ ಒಂದು ಸಂಗತಿ ಹೇಳಲೇಬೇಕು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಧರಂ ಸಿಂಗ್ ಗುಲ್ಬರ್ಗದಿಂದ ಗೆದ್ದರು. ಅದೇ ಚುನಾವಣೆಯಲ್ಲಿ ಕೇರಳದ ಕಾಂಗ್ರೆಸ್ ನಾಯಕ ಸಿ.ಎಂ. ಸ್ಟೀಫನ್ ಹೊಸದಿಲ್ಲಿಯಲ್ಲಿ ವಾಜಪೇಯಿಯವರ ಎದುರು ಸೋತಿದ್ದರು. ಇಂದಿರಾ ಗಾಂಧಿಯವರಿಗೆ ಸ್ಟೀಫನ್ ಲೋಕಸಭೆಯಲ್ಲಿ ಬೇಕಾಗಿದ್ದರು. ಧರಂ ಸಿಂಗ್ ಗೆದ್ದ ಸೀಟನ್ನೇ ಬಿಟ್ಟುಕೊಟ್ಟರು. ಕನ್ನಡ ಬಾರದ, ಈ ಕಡೆಯ ಪರಿಚಯವೇ ಇಲ್ಲದ ಸ್ಟೀಫನ್ ಗುಲ್ಬರ್ಗದ ಉಪಚುನಾವಣೆಯಲ್ಲಿ ಗೆದ್ದು ದಿಲ್ಲಿಗೆ ಹೋದರು. ಧರಂ ಸಿಂಗ್ ರಾಜ್ಯ ರಾಜಕೀಯಕ್ಕೆ ಮರಳಿದರು. ಇದನ್ನು ಪಕ್ಷನಿಷ್ಠೆ ಅಂತ ಹೊಗಳುವವರು ಜಾಸ್ತಿ. ನನಗೆ ಇದರಲ್ಲಿ ಬೇಸರವೂ ಇದೆ. ನಮ್ಮ ಭಾಗದ ವೋಟನ್ನು ಹೈಕಮಾಂಡ್ ಯಾರಿಗೆ ಬೇಕಾದರೂ ಕೊಡಬಹುದು ಅನ್ನುವ ಭಾವನೆ ಆಗಲೇ ಬೇರೂರಿತು.

ಸಚಿವರಾಗಿ ಅವರು ಮಾಡಿದ ಕೆಲಸ ಹಲವು. ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಲೋಕೋಪಯೋಗಿ ಸಚಿವರಾಗಿದ್ದರು. ಆದರೆ ಒಂದು ಕೆಲಸ ನಮ್ಮ ಭಾಗಕ್ಕೆ ದೊಡ್ಡದು. ಹೈದರಾಬಾದ್ ಕರ್ನಾಟಕದ ಹಿಂದುಳಿದಿರುವಿಕೆಯನ್ನು ಅಧ್ಯಯನ ಮಾಡಲು 1980ರ ದಶಕದ ಆರಂಭದಲ್ಲಿ ಇವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬೇಕು ಅನ್ನುವ ಮಾತಿಗೆ ಅದರಿಂದ ಬಲ ಬಂತು. 1990ರ ದಶಕದ ಆರಂಭದಲ್ಲಿ ಮಂಡಳಿ ಬಂತು. ವೈಜನಾಥ ಪಾಟೀಲರ ದಶಕಗಳ ಹೋರಾಟ, ಖರ್ಗೆಯವರ ದಿಲ್ಲಿ ಪ್ರಯತ್ನ ಎಲ್ಲ ಸೇರಿ 2012ರ ಡಿಸೆಂಬರ್‌ನಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ತಿದ್ದುಪಡಿಯನ್ನು ಸಂಸತ್ತು ಒಪ್ಪಿತು. ಆಗ ಧರಂ ಸಿಂಗ್ ಬೀದರ್ ಸಂಸದರಾಗಿ ಲೋಕಸಭೆಯಲ್ಲಿದ್ದರು. ಇವತ್ತು ನಮ್ಮ ಹುಡುಗರಿಗೆ ಮೆಡಿಕಲ್, ಎಂಜಿನಿಯರಿಂಗ್ ಸೀಟು, ಸರ್ಕಾರಿ ನೌಕರಿ ಸಿಗುತ್ತಿದ್ದರೆ ಈ ದಾರಿಯಲ್ಲಿ ನಡೆದವರೆಲ್ಲರ ಪಾಲೂ ಅದರಲ್ಲಿದೆ.

ಈಗ ಸೋಲಿಗೆ ಬರುತ್ತೇನೆ.

2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ. ಕಾಂಗ್ರೆಸ್ಸೂ ಜೆಡಿಎಸ್ಸೂ ಸೇರಿ ಸರ್ಕಾರ ಮಾಡಿದವು. ಮೇ 28ರಂದು ಧರಂ ಸಿಂಗ್ ಮುಖ್ಯಮಂತ್ರಿಯಾದರು. ವೀರೇಂದ್ರ ಪಾಟೀಲರ ನಂತರ ನಮ್ಮ ಜಿಲ್ಲೆಯಿಂದ ಆ ಕುರ್ಚಿಯಲ್ಲಿ ಕೂತವರು ಇವರೇ. ಜೇವರ್ಗಿಯಲ್ಲಿ ಆ ದಿನದ ಸಂಭ್ರಮ ಹೇಳತೀರದು. ಆದರೆ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿಗೆ ಬೆಂಗಳೂರು ಬಿಟ್ಟು ಬರುವುದು ಕಷ್ಟ. ಇವತ್ತು ಒಬ್ಬರು ಮುನಿಸಿಕೊಂಡರು, ನಾಳೆ ಇನ್ನೊಬ್ಬರು. 2006ರ ಜನವರಿಯಲ್ಲಿ ಕುಮಾರಸ್ವಾಮಿಯವರು ತಮ್ಮ ಶಾಸಕರನ್ನು ಕರೆದುಕೊಂಡು ಬಿಜೆಪಿ ಜೊತೆ ಹೋದರು, ಸರ್ಕಾರ ಬಿತ್ತು.

ಹೆಸರು ಹಿಡಿದು ಕರೆಯುವ ಶಾಸಕ ಇಪ್ಪತ್ತು ತಿಂಗಳು ವಿಧಾನಸೌಧದ ಮೂರನೇ ಮಹಡಿಯಲ್ಲಿದ್ದರೆ ಹಳ್ಳಿಯಲ್ಲಿ ಏನಾಗುತ್ತದೆ? ಮೊದಲು ನೇರವಾಗಿ ಸಾಹೇಬರ ಹತ್ತಿರ ಹೋಗುತ್ತಿದ್ದವನು ಈಗ ಯಾರೋ ಒಬ್ಬರ ಮೂಲಕ ಹೋಗಬೇಕು. ಆ ನಡುವಿನವನು ನಮ್ಮ ಓಣಿಯವನೇ ಆಗಿರುತ್ತಾನೆ, ಹಳೆಯ ಸಿಟ್ಟು ಸೆಡವು ಇರುವವನೂ ಆಗಿರುತ್ತಾನೆ. ಅವನ ಮೇಲಿನ ಕೋಪ ಕೊನೆಗೆ ಬಂದು ಬೀಳುವುದು ಶಾಸಕರ ಮೇಲೆ. ಇದು ಧರಂ ಸಿಂಗ್ ಒಬ್ಬರ ಕಥೆ ಅಲ್ಲ. ಎತ್ತರದ ಹುದ್ದೆಗೆ ಹೋದ ಎಷ್ಟೋ ಹಳ್ಳಿ ಶಾಸಕರಿಗೆ ಹೀಗೇ ಆಗಿದೆ.

ಅದರ ಮೇಲೆ 2008ರ ಗಾಳಿ. 2007ರಲ್ಲಿ ಕುಮಾರಸ್ವಾಮಿಯವರು ಮಾತಿನಂತೆ ಬಿಜೆಪಿಗೆ ಅಧಿಕಾರ ಬಿಟ್ಟುಕೊಡಲಿಲ್ಲ ಅನ್ನುವ ಸಿಟ್ಟು ಉತ್ತರ ಕರ್ನಾಟಕದಲ್ಲಿ ಯಡಿಯೂರಪ್ಪನವರ ಪರ ದೊಡ್ಡ ಅಲೆಯಾಯಿತು. ಬಿಜೆಪಿ 110 ಸ್ಥಾನ ಗೆದ್ದಿತು. 1983ರ, 1985ರ, 1994ರ ಅಲೆಗಳಿಗೂ ಇದಕ್ಕೂ ಒಂದು ವ್ಯತ್ಯಾಸ ಇತ್ತು ಅಂತ ನನಗೆ ಅನಿಸುತ್ತದೆ. ಆಗಿನವು ಒಂದು ಪಕ್ಷದ ಮೇಲಿನ ಸಿಟ್ಟು. 'ಪಕ್ಷ ಹಾಗಿರಲಿ, ನಮ್ಮ ಸಾಹೇಬರು ಬೇರೆ' ಅಂತ ಜನ ಹೇಳಬಹುದಿತ್ತು. 2008ರದು ಲಿಂಗಾಯತ ಸಮುದಾಯದ ಒಬ್ಬ ನಾಯಕನಿಗೆ ಅನ್ಯಾಯ ಆಯಿತು ಅನ್ನುವ ನೋವು. ಅದು ಜಾತಿಯ ಒಳಗೆ ಇಳಿದಿತ್ತು. ಧರಂ ಸಿಂಗ್ ಅವರ ಗೆಲುವಿನ ಬುನಾದಿಯೇ ಎಲ್ಲ ಜಾತಿಯಿಂದಲೂ ಸ್ವಲ್ಪ ಸ್ವಲ್ಪ ವೋಟು. ದೊಡ್ಡ ಸಮುದಾಯದಿಂದ ಆ 'ಸ್ವಲ್ಪ' ಕಡಿಮೆಯಾಯಿತು.

ಕ್ಷೇತ್ರಗಳ ಗಡಿ ಬದಲಾದ ಮೇಲೆ ನಡೆದ ಮೊದಲ ಚುನಾವಣೆಯೂ ಅದೇ. ನಮ್ಮ ಜಿಲ್ಲೆಯಲ್ಲಿ ಶಹಾಬಾದ್, ಕಮಲಾಪುರ ಕ್ಷೇತ್ರಗಳು ನಕಾಶೆಯಿಂದಲೇ ಹೋದವು. ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು. ಎಂಟು ಸಲ ಅಲ್ಲಿಂದ ಗೆದ್ದಿದ್ದ ಖರ್ಗೆಯವರು ಮೀಸಲಾದ ಚಿತ್ತಾಪುರಕ್ಕೆ ಹೋಗಿ ಅಲ್ಲಿಂದ ಗೆದ್ದರು. ಲವ ಗೆದ್ದ, ಕುಶ ಸೋತ ಅಂತ ಆಗ ಜನ ಮಾತಾಡಿಕೊಂಡರು.

ಆದರೆ 70 ಅನ್ನುವ ಸಂಖ್ಯೆಯನ್ನು ಒಮ್ಮೆ ಸರಿಯಾಗಿ ನೋಡಿ. ಇಂಥ ಹಳ್ಳಿ ಕ್ಷೇತ್ರದಲ್ಲಿ ಇನ್ನೂರರ ಆಚೀಚೆ ಮತಗಟ್ಟೆ ಇರುತ್ತವೆ. ಅಂದರೆ ಮೂರು ಮತಗಟ್ಟೆಗೆ ಒಂದು ವೋಟು. ಆ ಕಡೆ ಹೋದವರಲ್ಲಿ 36 ಜನ ಈ ಕಡೆ ಬಂದಿದ್ದರೆ ಫಲಿತಾಂಶ ತಿರುಗುತ್ತಿತ್ತು. ಗುಳೆ ಹೋದ ಮೂರ್ನಾಲ್ಕು ಕುಟುಂಬದವರು ಮುಂಬೈ ಬಸ್ಸು ಹಿಡಿದು ಬಂದಿದ್ದರೆ ಏನಾಗುತ್ತಿತ್ತೋ ಅಂತ ನಮ್ಮೂರ ಕಟ್ಟೆಯಲ್ಲಿ ಬಹಳ ದಿನ ಲೆಕ್ಕ ಹಾಕಿದರು. ರಾಜ್ಯದಲ್ಲಿ ಇದಕ್ಕಿಂತ ಸಣ್ಣ ಅಂತರವೂ ಇದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಒಂದೇ ಒಂದು ವೋಟಿನಿಂದ ಗೆದ್ದಿದ್ದರು.

ಹಾಗಾಗಿ 'ಜನ ತಿರಸ್ಕರಿಸಿದರು' ಅಂತ ಬರೆಯುವವರನ್ನು ನಾನು ಒಪ್ಪುವುದಿಲ್ಲ. ಅಂಥ ಗಾಳಿಯಲ್ಲಿ, ಸ್ವಂತ ಜಾತಿಯ ಆಸರೆ ಇಲ್ಲದೆ, ಮೂವತ್ತು ವರ್ಷದ ಹಳೆಯ ಮುಖವೊಂದು 70 ವೋಟಿನ ಹತ್ತಿರ ಬಂದು ನಿಂತಿತು ಅಂದರೆ ಅದು ಆ ವೈಯಕ್ತಿಕ ವೋಟಿನ ಶಕ್ತಿ. ಹಾಗಂತ ಗೆದ್ದವರ ಗೆಲುವನ್ನು ಸಣ್ಣದು ಮಾಡಬೇಕಿಲ್ಲ. ಮಾಜಿ ಮುಖ್ಯಮಂತ್ರಿಯನ್ನು ಅವರ ಸ್ವಂತ ತಾಲ್ಲೂಕಿನಲ್ಲಿ ಎದುರಿಸಿ ನಿಲ್ಲುವುದು ಸುಮ್ನೆ ಆಗುವ ಕೆಲಸ ಅಲ್ಲ. ನರಿಬೋಳ ಮನೆತನಕ್ಕೂ ಊರೂರಲ್ಲಿ ಜನ ಇದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2009ರಲ್ಲಿ ಧರಂ ಸಿಂಗ್ ಬೀದರ್‌ನಿಂದ ಲೋಕಸಭೆಗೆ ನಿಂತು ಬಿಜೆಪಿಯ ಗುರುಪಾದಪ್ಪ ನಾಗಮಾರಪಳ್ಳಿಯವರನ್ನು ಸೋಲಿಸಿದರು. 2014ರ ಮೋದಿ ಅಲೆಯಲ್ಲಿ ಅಲ್ಲೇ ಭಗವಂತ ಖೂಬಾ ಅವರ ಎದುರು ಸೋತರು. 2017ರ ಜುಲೈ 27ರಂದು ತೀರಿಕೊಂಡರು. ನೆಲೋಗಿಯಲ್ಲಿ ಅಂತ್ಯಕ್ರಿಯೆ ಆಯಿತು. ಪಕ್ಷದ ಬಾವುಟ ನೋಡದೆ ಜನ ಬಂದಿದ್ದರು.

ಜೇವರ್ಗಿ 2013ರಲ್ಲಿ ಅವರ ಮಗ ಡಾ. ಅಜಯ್ ಸಿಂಗ್ ಅವರನ್ನು ಗೆಲ್ಲಿಸಿತು. 2018ರಲ್ಲೂ 2023ರಲ್ಲೂ ಅವರೇ ಗೆದ್ದರು. ಆ ಎರಡೂ ಸಲ ಎದುರು ನಿಂತ ಮುಖ್ಯ ಅಭ್ಯರ್ಥಿ ದೊಡ್ಡಪ್ಪಗೌಡರೇ, ಮೊದಲು ಬಿಜೆಪಿಯಿಂದ, ನಂತರ ಜೆಡಿಎಸ್‌ನಿಂದ. ತಂದೆ ವರದಿ ಕೊಟ್ಟ ಕಾಲಕ್ಕೆ ಕನಸಾಗಿದ್ದ ಆ ಮಂಡಳಿ ಈಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. 2023ರಲ್ಲಿ ಅಜಯ್ ಸಿಂಗ್ ಅದರ ಅಧ್ಯಕ್ಷರಾದರು. ಮನೆತನದ ರಾಜಕೀಯ ಸರಿಯಾ ತಪ್ಪಾ ಅನ್ನೋದು ಬೇರೆ ಚರ್ಚೆ. ನನ್ನ ಆಸೆ ಇಷ್ಟೇ. ಮಂಡಳಿಯ ದುಡ್ಡು ಯಡ್ರಾಮಿ ಕಡೆಯ ಶಾಲೆಗೆ, ಭೀಮಾ ದಂಡೆಯ ಊರುಗಳ ಕುಡಿಯುವ ನೀರಿಗೆ ಸರಿಯಾಗಿ ಬರಬೇಕು.

ನಿಮಗೆ ಇನ್ನೂ ಆಳಕ್ಕೆ ಇಳಿಯಬೇಕು ಅನಿಸಿದರೆ ಚುನಾವಣಾ ಆಯೋಗದ ನಮೂನೆ 20 ಹುಡುಕಿ ನೋಡಿ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ವೋಟು ಬಿತ್ತು ಅಂತ ಅದರಲ್ಲಿರುತ್ತದೆ. ಒಟ್ಟು ಅಂತರ ನೋಡುವ ಬದಲು ಒಂದೇ ಊರಿನ ಎರಡು ಮೂರು ಚುನಾವಣೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಯಾವ ಓಣಿ ಯಾವಾಗ ಕೈಬಿಟ್ಟಿತು ಅನ್ನೋದು ಅಲ್ಲಿ ಕಾಣುತ್ತದೆ. ಆಮೇಲೆ ಆ ಊರಿಗೆ ಹೋಗಿ ಕಾರಣ ಕೇಳಿ. ನಮ್ಮ ಜನ ಚಹಾ ಕೊಟ್ಟು, ಕೂರಿಸಿಕೊಂಡು ಹೇಳುತ್ತಾರೆ.