ಸೀರೆ ನಿಮ್ಮದು, ಗಿರಾಕಿ ಯಾರ ಕೈಯಲ್ಲಿ?

ಪ್ರಶ್ನೆ: ನಮ್ಮ ಮನ್ಯಾಗ ಎರಡು ಕೈಮಗ್ಗ ಅದಾವ್ರಿ. ಯಜಮಾನ್ರು, ಮಾವನೋರು ನೇಯ್ತಾರ. ನಾನು ಎರಡು ವರ್ಷದಿಂದ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂನ್ಯಾಗ ಸೀರಿ ಮಾರಾಕತ್ತೀನಿ. ಈಗ ದೊಡ್ಡ ಆನ್‌ಲೈನ್ ಅಂಗಡಿಯವ್ರು ‘ನಮ್ಮಲ್ಲಿ ಹಾಕ್ರಿ, ದೇಶದ ತುಂಬ ಹೋಗ್ತಾವು’ ಅಂತಾರ. ಹಾಕಿದ್ರ ಮುಂದ ಬರ್ತೀವೋ, ಕೈ ಸುಟ್ಕೊಂತೀವೋ?
– ಓದುಗರೊಬ್ಬರು, ಇಳಕಲ್

ಉತ್ತರ: ಹಾಕಿ ತಾಯಿ. ಆದರೆ ಮಗ್ಗದಿಂದ ಇಳಿದದ್ದನ್ನೆಲ್ಲ ಅಲ್ಲಿಗೇ ಕಳಿಸಬೇಡಿ.

ಮೊದಲು ಲೆಕ್ಕ ಹಾಕೋಣ. 2,500 ರೂಪಾಯಿಯ ಹತ್ತು ಸೀರೆ ಕಳಿಸಿದಿರಿ, ಎರಡು ವಾಪಸ್ ಬಂದವು ಎಂದಿಟ್ಟುಕೊಳ್ಳಿ. ಎಂಟರಿಂದ ಬಂದದ್ದು 20,000. ಕಮಿಷನ್, ಇತರ ಶುಲ್ಕ ಸೇರಿ ನೂರಕ್ಕೆ 20 ಹಿಡಿದರೆ 4,000 ಹೋಯಿತು. ವಾಪಸಾದವುಗಳ ಕೊರಿಯರ್‌ಗೆ ತಲಾ 200. ಕೈಗೆ ಉಳಿದದ್ದು 15,600, ಅಂದರೆ ಸೀರೆಗೆ 1,950. ನೂಲು, ಬಣ್ಣ, ಇಬ್ಬರ ಕೂಲಿ ಎಲ್ಲ ಇದರಲ್ಲೇ ಹೊರಡಬೇಕು. ಒಪ್ಪಂದದಲ್ಲಿರುವ ನಿಜವಾದ ದರ ಹಾಕಿ ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಮಡಿಕೆ ಮುರಿದು ಬಂದ ಸೀರೆ ಮತ್ತೆ ಅದೇ ಬೆಲೆಗೆ ಹೋಗುವುದು ಕಷ್ಟ.

ಇದಕ್ಕಿಂತ ದೊಡ್ಡ ತೊಡಕು ಪವರ್‌ಲೂಮ್, ಅಂದರೆ ವಿದ್ಯುತ್ ಮಗ್ಗದ ಸೀರೆ. ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿಗೆ ಕಾಣುವುದು ಒಂದು ಫೋಟೋ, ಒಂದು ಬೆಲೆ ಮಾತ್ರ. ಫೋಟೋದಲ್ಲಿ ಅದೂ ನಿಮ್ಮ ಕೈಮಗ್ಗದ್ದೂ ಒಂದೇ ಥರ ಕಾಣುತ್ತವೆ. ಬೆಲೆಯಲ್ಲಿ ನೀವು ಗೆಲ್ಲಲಾರಿರಿ, ಗೆಲ್ಲಲು ಹೋಗಲೂಬೇಡಿ. ಒಡಲಿನ ಹಾಸಿನ (ಉದ್ದ ಎಳೆಗಳ) ಜೊತೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತೀರಲ್ಲ, ಆ ಕೆಲಸದ ಒಂದು ನಿಮಿಷದ ವಿಡಿಯೋ ಮಾಡಿ. ಮಾವನವರ ಬೆರಳು ಕಾಣಲಿ, ಮಗ್ಗದ ಸದ್ದು ಹಾಗೇ ಇರಲಿ, ಮೇಲೆ ಸಿನಿಮಾ ಹಾಡು ಬೇಡ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ, ಅಂದರೆ ಇದು ಈ ಸೀಮೆಯದೇ ಎಂಬ ಗುರುತು ಇದೆ. ಅದರ ಅಧಿಕೃತ ಬಳಕೆದಾರರಾಗಿ ನೇಕಾರರು ಹೆಸರು ನೋಂದಾಯಿಸಬಹುದು. ಕೈಮಗ್ಗದ್ದೇ ಎಂದು ತೋರಿಸುವ ಹ್ಯಾಂಡ್‌ಲೂಮ್ ಮಾರ್ಕ್‌ಗೂ ಅರ್ಜಿ ಹಾಕಿ. ದೂರದ ಗಿರಾಕಿ ನಂಬುವುದು ಇಂಥದ್ದನ್ನೇ.

ತೆರಿಗೆಯ ಮಾತು. 2023ರ ಅಕ್ಟೋಬರ್ 1ರಿಂದ, ವರ್ಷದ ವಹಿವಾಟು 40 ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿ ಇಲ್ಲದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದು ಇಂಥ ಅಂಗಡಿಗಳಲ್ಲಿ ಮಾರಬಹುದು. ಆದರೆ ಆ ಸಂಖ್ಯೆಯ ಮೇಲೆ ಮಾರಾಟ ಕರ್ನಾಟಕದೊಳಗೆ ಮಾತ್ರ. ‘ದೇಶದ ತುಂಬ’ ಎಂದವರಿಗೆ ಈ ಪ್ರಶ್ನೆಯನ್ನೇ ಮೊದಲು ಕೇಳಿ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿರಬೇಕು. ಮನೆಯ ಹಣಕ್ಕೊಂದು, ಸೀರೆಯ ಹಣಕ್ಕೊಂದು ಖಾತೆ ಈಗಲೇ ಮಾಡಿಕೊಳ್ಳಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು. ವಾಟ್ಸ್‌ಆ್ಯಪ್‌ನಲ್ಲಿ ಕೊಂಡವರ ಹೆಸರು, ನಂಬರು, ಮೆಚ್ಚಿದ ಬಣ್ಣ ನಿಮ್ಮ ಬಳಿ ಇವೆ. ದೊಡ್ಡ ಅಂಗಡಿಯಲ್ಲಿ ಕೊಂಡವರು ಅಂಗಡಿಯ ಗಿರಾಕಿಗಳು. ನಾಳೆ ಅದು ನಿಮ್ಮ ಸೀರೆಯನ್ನು ಹತ್ತನೇ ಪುಟಕ್ಕೆ ತಳ್ಳಿದರೆ ಅವರನ್ನು ಹುಡುಕುವ ದಾರಿಯೇ ಇರುವುದಿಲ್ಲ. ಹಾಗಾಗಿ ಸಾದಾ ದಡಿಯ ನಾಲ್ಕೈದು ಸೀರೆ ಅಲ್ಲಿಗೆ ಕೊಟ್ಟು ಮೂರು ತಿಂಗಳು ನೋಡಿ. ಕಸೂತಿಯವು ಹಳೆಯ ಗಿರಾಕಿಗಳಿಗೇ ಇರಲಿ. ಅವರ ನಂಬರುಗಳನ್ನು ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಫೋನ್ ಕೆಟ್ಟರೂ ಅವು ಉಳಿಯುತ್ತವೆ.