ಯುಜಿಡಿ (ಒಳಚರಂಡಿ) ಲೈನಿನೊಳಗೆ ತೇಲಿಬಿಡುವ ಗ್ಯಾಸ್ ಸೆನ್ಸರಿನಿಂದ ಲೈವ್ ಡೇಟಾ ಪಡೆಯಲು ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಡೇಟಾ ಕಳಿಸುವ ರೇಡಿಯೋ) ಒಳ್ಳೆಯದೋ, ವೈಫೈ ಒಳ್ಳೆಯದೋ?

ಆರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದ್ದೆ. ಒಂದು ಹಳೆ ಬಡಾವಣೆಯಲ್ಲಿ 300 ಮೀಟರ್ ಲೈನ್ ಸಿಕ್ಕಿತ್ತು. 30 ಮೀಟರಿಗೊಂದು ಮ್ಯಾನ್‌ಹೋಲ್. ಟಿಫಿನ್ ಡಬ್ಬಿಯಷ್ಟು ಅಗಲದ ತೇಲುವ ಡಬ್ಬಿ, ಮೇಲ್ಗಡೆ ಕೊಳಚೆಯಲ್ಲಿ ಹುಟ್ಟುವ ವಿಷಾನಿಲ ಹೈಡ್ರೋಜನ್ ಸಲ್ಫೈಡಿನ ಸೆನ್ಸರ್, ಒಳಗೆ ಮೆಮೊರಿ ಕಾರ್ಡ್. ಡಬ್ಬಿ ಎರಡನೇ ಮ್ಯಾನ್‌ಹೋಲ್ ದಾಟುವಷ್ಟರಲ್ಲಿ ಸಿಗ್ನಲ್ ಸತ್ತಿತು. ಒದ್ದೆ ಮಣ್ಣು, ಮೇಲೆ ಬೀಡು ಕಬ್ಬಿಣದ ಮುಚ್ಚಳ. ಹೋದರೆ ಹೋಗಲಿ, ಕಾರ್ಡ್ ಇದೆಯಲ್ವಾ ಅಂದುಕೊಂಡೆವು.

ತಪ್ಪಾಗಿದ್ದು ಆ ಕಾರ್ಡ್ ಓದುವಾಗ. ಡಬ್ಬಿ ಕೊನೆ ಮ್ಯಾನ್‌ಹೋಲಿನ ಬಲೆಗೆ ಬೀಳಲು 14 ನಿಮಿಷ ತೆಗೆದುಕೊಂಡಿತ್ತು. ಗ್ಯಾಸ್ ಏರಿದ್ದು 7ನೇ ನಿಮಿಷಕ್ಕೆ. ಏರಿದ ಕಡೆಯೇ ಪೈಪು ಕೆಟ್ಟಿದೆ ಅಂದುಕೊಂಡೆ. ಅರ್ಧ ಸಮಯ ಅಂದರೆ ಅರ್ಧ ದಾರಿ, 150 ಮೀಟರ್ ಅಂತ ಲೆಕ್ಕ ಹಾಕಿ ವರದಿ ಕೊಟ್ಟೆ. ರಸ್ತೆ ಅಗೆದರು. ಅಲ್ಲಿ ಪೈಪು ಚೆನ್ನಾಗಿಯೇ ಇತ್ತು.

ಡಬ್ಬಿ ಒಂದೇ ವೇಗದಲ್ಲಿ ಹೋಗಿರುತ್ತದೆ ಅಂತ ನಂಬಿಬಿಟ್ಟಿದ್ದೆ. ಪುಸ್ತಕದಲ್ಲಿ ಸೆಕೆಂಡಿಗೆ 0.6 ಮೀಟರ್ ಅಂತ ಇರುತ್ತದೆ. ಅದು ಹೊಲಸು ತಳದಲ್ಲಿ ಕೂರದಿರಲಿ ಅಂತ ವಿನ್ಯಾಸಕ್ಕೆ ಇಟ್ಟುಕೊಳ್ಳುವ ವೇಗ. ನಿಜವಾದ ಲೈನಿನಲ್ಲಿ ಬೆಳಗ್ಗೆ ಸ್ನಾನದ ಹೊತ್ತಿಗೆ ಒಂದು ವೇಗ, ಮಧ್ಯಾಹ್ನ ಇನ್ನೊಂದು. ಅದಕ್ಕಿಂತ ಮುಖ್ಯವಾಗಿ, ಡಬ್ಬಿ ಸಿಕ್ಕಿಕೊಳ್ಳುತ್ತದೆ. ನಮ್ಮದು 75 ಮೀಟರಿನ ಹತ್ತಿರ, ಹೊಂಗೆ ಮರದ ಬೇರಿನಲ್ಲಿ ಸಿಕ್ಕಿ ನಿಂತಿತ್ತು. ನೀರು ಏರಿದ ಮೇಲೆ ಬಿಡಿಸಿಕೊಂಡು ಮುಂದೆ ಹೋಗಿದೆ. ಬೇರು ನೀರನ್ನೂ ತಡೆದಿತ್ತು, ನಿಂತ ನೀರಿನಲ್ಲೇ ಗ್ಯಾಸ್ ಜಾಸ್ತಿ ಹುಟ್ಟುವುದು. ಅಂದರೆ ಕಾಯಿಲೆ ಇರುವ ಜಾಗದಲ್ಲೇ ಡಬ್ಬಿಯೂ ನಿಲ್ಲುತ್ತದೆ, ಅಲ್ಲೇ ನಮ್ಮ ಲೆಕ್ಕವೂ ಕೆಡುತ್ತದೆ. ಎರಡು ವಾರದ ನಂತರ ಜೋರು ನೀರು ಹಾಯಿಸಿ ಪೈಪು ತೊಳೆಯುವ ಜೆಟ್ಟಿಂಗ್ ಮೆಷಿನ್ ಆ ಬೇರನ್ನು ಹೊರಗೆ ತಂದಾಗಲೇ ಇದು ನನಗೆ ಗೊತ್ತಾಗಿದ್ದು.

ರಸ್ತೆ ಅಗೆದ ದಿನ ಒಬ್ಬ ಕೆಲಸಗಾರ, 'ನಾನೇ ಇಳಿದು ನೋಡ್ತೀನಿ ಸಾರ್' ಅಂತ ಮುಚ್ಚಳ ತೆಗೆಯಲು ಹೋಗಿದ್ದ. ಓಡಿಹೋಗಿ ಕೈ ಹಿಡಿದೆ. ಆ ಗ್ಯಾಸ್ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟಿದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಹಾಗೆ ಸುರಕ್ಷತಾ ಸಾಧನವಿಲ್ಲದೆ ಇಳಿಸುವುದನ್ನು ನಿಷೇಧಿಸಿದೆ. ಆದರೂ ನನ್ನ ತಪ್ಪು ಲೆಕ್ಕ ಅವನನ್ನು ಆ ಬಾಯಿಯವರೆಗೆ ಕರೆತಂದಿತ್ತು.

ಹಾಗಾಗಿ ನನ್ನ ಮಾತು ಕೇಳಿ, ಲೈವ್ ಡೇಟಾ ಆಸೆ ಬಿಡಿ. ಬೇರು, ಬಿರುಕು ಹತ್ತು ನಿಮಿಷದಲ್ಲಿ ಓಡಿಹೋಗುವುದಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2009ರಲ್ಲೇ ಸ್ಯೂವರ್‌ಸ್ನಾರ್ಟ್ ಅನ್ನುವ ತೇಲುವ ಸೆನ್ಸರಿನಲ್ಲಿ ದಾರಿ ತೋರಿಸಿದ್ದಾರೆ. ಪ್ರತಿ ಮ್ಯಾನ್‌ಹೋಲಿನ ಮುಚ್ಚಳದ ಕೆಳಗೆ ಒಂದು ಸಣ್ಣ ಬೀಕನ್, ಅಂದರೆ ಸದಾ ಸಿಗ್ನಲ್ ಬಿಡುತ್ತಿರುವ ಪುಟ್ಟ ರೇಡಿಯೋ. ಡಬ್ಬಿ ಅದರ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಬರೆದುಕೊಳ್ಳುತ್ತಾ ಹೋಗುತ್ತದೆ. ಅದು ಏರಿ ಇಳಿದ ಕಡೆ ಮ್ಯಾನ್‌ಹೋಲ್. ಏರದೆ ಇಳಿಯದೆ ನಿಂತರೆ ಡಬ್ಬಿ ಸಿಕ್ಕಿಕೊಂಡಿದೆ. ಜೊತೆಗೆ ಚಲನೆ ಅಳೆಯುವ ಒಂದು ಆಕ್ಸೆಲೆರೋಮೀಟರ್ ಹಾಕಿ, ಅಲುಗಾಟ ನಿಂತದ್ದು ಅದರಲ್ಲೂ ಕಾಣುತ್ತದೆ. ಬೀಕನ್ನಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ರೇಡಿಯೋ ಬ್ಯಾಂಡ್ ಸಾಕು. ಗ್ಯಾಸ್ ಸೆನ್ಸರ್ ಏರುವುದಕ್ಕೂ ಇಳಿಯುವುದಕ್ಕೂ ಸ್ವಲ್ಪ ಸಮಯ ಬೇಕು, ಆ ತಡವನ್ನು ಮೊದಲು ಲ್ಯಾಬಿನಲ್ಲೇ ಅಳೆದುಕೊಳ್ಳಿ. ಆಮೇಲೆ ಗ್ಯಾಸ್ ಸೆನ್ಸರ್ ಮಾತ್ರ ಇಲ್ಲದ ಡಬ್ಬಿಯನ್ನು ನಾಲ್ಕೈದು ಸಲ ಬಿಟ್ಟು, ಅದು ಎಲ್ಲೆಲ್ಲಿ ನಿಲ್ಲುತ್ತದೆ ನೋಡಿ.